ಪಹಣಿಯಲ್ಲಿ ಯಾರ ಹೆಸರಿದೆ?
(ಕೃಷ್ಣರಾಜಪುರದ ಒಂದು ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹಗಲೆಲ್ಲ ಇಂದಿರಾನಗರದಲ್ಲಿ ಮನೆಗೆಲಸ, ಹಲಸೂರಿನಲ್ಲಿ ಗಾರೆ ಕೆಲಸ ಮಾಡಿ ದಣಿದು ಬಂದಿದ್ದೀರಿ. ಆದರೂ ಪುಸ್ತಕ ಹಿಡಿದು ಕೂತಿದ್ದೀರಿ. ನಿಮ್ಮಲ್ಲಿ ಬಿದರಹಳ್ಳಿ ಕಡೆಯವರಿದ್ದೀರಿ, ವರ್ತೂರು ಕಡೆಯವರಿದ್ದೀರಿ. ಮಾಲೂರು, ಬಂಗಾರಪೇಟೆ, ಮುಳಬಾಗಿಲಿನಿಂದ ಬಂದವರೂ ಇದ್ದೀರಿ. ಊರಲ್ಲಿ ಅರ್ಧ ಎಕರೆಯೋ ಒಂದು ಎಕರೆಯೋ ರಾಗಿ ಹೊಲ ಇದೆ. ಮಳೆ ಕೈ ಕೊಟ್ಟಿತು ಅಂದರೆ "ಸರ್ಕಾರ ದುಡ್ಡು ಕೊಡುತ್ತಂತೆ" ಅನ್ನುವ ಮಾತು ರೈಲಿನಲ್ಲೇ ಕಿವಿಗೆ ಬೀಳುತ್ತೆ. ಯಾವ ದುಡ್ಡು? ಯಾರಿಗೆ? ಎಷ್ಟು? ಇವತ್ತು ಅದನ್ನೇ ಮಾತಾಡೋಣ.

ಮೊದಲು ಒಂದು ವಿಷಯ. ಸರ್ಕಾರದ ದುಡ್ಡು ಅಂದರೆ ಒಂದೇ ಅಲ್ಲ. ಸಾಲ ಮನ್ನಾ ಬೇರೆ, ಬೆಳೆ ಪರಿಹಾರ ಬೇರೆ, ಬೆಳೆ ವಿಮೆ ಬೇರೆ. ನಾವು ಎಲ್ಲವನ್ನೂ ಸೇರಿಸಿ "ಪರಿಹಾರ" ಅಂತೀವಿ. ಅಲ್ಲೇ ಗೊಂದಲ ಶುರು.

ಸಾಲ ಮನ್ನಾ ಪ್ರತಿ ವರ್ಷ ಬರೋದಲ್ಲ. 1990ರಲ್ಲಿ ಕೇಂದ್ರ ಸರ್ಕಾರ 10,000 ರೂಪಾಯಿವರೆಗಿನ ಸಾಲಕ್ಕೆ ಒಮ್ಮೆ ಕೊಟ್ಟಿತು. 2008ರಲ್ಲಿ ಮತ್ತೆ ಕೊಟ್ಟಿತು. ನಮ್ಮ ರಾಜ್ಯ ಸರ್ಕಾರ 2017ರಲ್ಲಿ ಸಹಕಾರ ಸಂಘದ ಸಾಲದಲ್ಲಿ 50,000 ರೂಪಾಯಿವರೆಗೆ ಬಿಟ್ಟಿತು. 2018ರಲ್ಲಿ ಸಂಘದ ಸಾಲಕ್ಕೆ ಒಂದು ಲಕ್ಷ, ಬ್ಯಾಂಕಿನ ಸಾಲಕ್ಕೆ ಎರಡು ಲಕ್ಷದವರೆಗೆ ಅಂತಾಯಿತು. ಇದೆಲ್ಲ ಬೆಳೆ ಸಾಲಕ್ಕೆ. ಕೈಸಾಲಕ್ಕೆ, ಬಡ್ಡಿಯವರ ಹತ್ತಿರ ತಂದ ಸಾಲಕ್ಕೆ ಅಲ್ಲ. ಮುಂದೆ ಮನ್ನಾ ಆದೀತು ಅಂತ ಕಂತು ಕಟ್ಟದೆ ಕೂತರೆ ಬಡ್ಡಿ ಬೆಳೆಯುತ್ತೆ.

ಇನ್ನು ಬೆಳೆ ಪರಿಹಾರ. ಬರ ಬಂದಾಗ, ನೆರೆ ಬಂದಾಗ ಕೊಡೋದು ಇದು. ಮೂರರಲ್ಲಿ ಒಂದು ಭಾಗವಾದರೂ ಬೆಳೆ ಹಾಳಾಗಿರಬೇಕು. 2022ರಲ್ಲಿ ಕೇಂದ್ರ ಇಟ್ಟ ದರ ನೋಡಿ. ಮಳೆ ಆಧಾರದ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ನೀರಾವರಿ ಬೆಳೆಗೆ 17,000. ಎರಡು ಹೆಕ್ಟೇರಿನವರೆಗೆ ಮಾತ್ರ. ಈಗ ಲೆಕ್ಕ ಮಾಡಿ. ಒಂದು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ. ಹಾಗಾದರೆ ಒಂದು ಎಕರೆ ರಾಗಿಗೆ ಎಷ್ಟಾಯಿತು? ಸುಮಾರು 3,400. ಅರ್ಧ ಎಕರೆಗೆ 1,700. ಉಳುಮೆ, ಬೀಜ, ಗೊಬ್ಬರ, ಕಳೆ ತೆಗೆಯುವ ಕೂಲಿ ಕೂಡಿಸಿದರೆ ಇದು ಯಾವ ಮೂಲೆಗೆ? ಸಾಲದು ಅಂತ ನಾವೂ ಹೇಳ್ತೀವಿ. ಹಾಗಂತ ಬರುವುದನ್ನು ಬಿಡೋದೇ?

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಆದವು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ 2,000 ರೂಪಾಯಿವರೆಗೆ ಮೊದಲ ಕಂತು ಕೊಡಲು ಶುರು ಮಾಡಿತು. ಕೇಂದ್ರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಏಪ್ರಿಲ್‌ನಲ್ಲಿ ಸುಮಾರು 3,400 ಕೋಟಿ ಬಂತು. ಆಮೇಲೆ ಉಳಿದ ಹಣ ಖಾತೆಗಳಿಗೆ ಬಿತ್ತು.

ಎಲ್ಲರ ಖಾತೆಗೂ ಬಿತ್ತಾ? ಇಲ್ಲ. ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನಿಗೆ ಬೀಳಲಿಲ್ಲ. ಅವರದು ಮೂವತ್ತು ಗುಂಟೆ ಹೊಲ. ಗಂಡ ತೀರಿಕೊಂಡು ಆರು ವರ್ಷ. ಬಿತ್ತಿದವರು ಅವರು, ಕಳೆ ತೆಗೆದವರು ಅವರು. ಪಕ್ಕದ ಹೊಲದವರಿಗೆ ಹಣ ಬಂತು. ಇವರು ಕೇಳಿದಲ್ಲೆಲ್ಲ "ನಾಳೆ ಬಾಮ್ಮ" ಅಂದರು. ಒಬ್ಬ ಮಧ್ಯವರ್ತಿ ಐನೂರು ರೂಪಾಯಿ ಕೂಡ ತಗೊಂಡ. ಕೊನೆಗೆ ಅಕ್ಕ ಪಹಣಿ ತಂದು ನಮ್ಮ ಮುಂದೆ ಇಟ್ಟರು. ನಾವು ಓದಿ ಹೇಳಲಿಲ್ಲ. ಅವರೇ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಒಂಬತ್ತನೇ ಕಾಲಂನಲ್ಲಿ ಇದ್ದದ್ದು ಮಾವನ ಹೆಸರು. ಮಾವ ಸತ್ತು ಇಪ್ಪತ್ತು ವರ್ಷ ಆಗಿತ್ತು!

ಪಹಣಿ ಓದೋದು ಕಷ್ಟ ಅಲ್ಲ. ಮೂರನೇ ಕಾಲಂನಲ್ಲಿ ಎಷ್ಟು ಜಮೀನು ಅಂತ ಇರುತ್ತೆ. ಒಂಬತ್ತರಲ್ಲಿ ಯಜಮಾನರ ಹೆಸರು. ಹನ್ನೊಂದರಲ್ಲಿ ಸಾಲ, ಋಣ ಇದ್ದರೆ ಕಾಣುತ್ತೆ. ಹನ್ನೆರಡರಲ್ಲಿ ಯಾರು ಸಾಗುವಳಿ ಮಾಡ್ತಾರೆ, ಏನು ಬೆಳೆ ಅಂತ. ಬೆಳೆ ಸಮೀಕ್ಷೆಯಲ್ಲಿ ರಾಗಿ ಹೊಲವನ್ನು ಬೀಳು ಅಂತ ಬರೆದಿದ್ದರೆ ಪರಿಹಾರ ಇಲ್ಲ. ಅದನ್ನೂ ನೋಡಿಕೊಳ್ಳಬೇಕು.

ಸತ್ತವರ ಹೆಸರಲ್ಲಿ ಜಮೀನು ಇದ್ದರೆ ಪೌತಿ ಖಾತೆ ಮಾಡಿಸಬೇಕು. ಮರಣ ಪತ್ರ ಬೇಕು, ವಂಶವೃಕ್ಷ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬಾರದು. ಬಿಡುವವರು ಬಹಳ ಜನ ಇದ್ದಾರೆ, ಅದಕ್ಕೆ ಹೇಳಿದ್ದು. ಖಾತೆ ಆದಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಗುರುತಿನ ಸಂಖ್ಯೆ ಮಾಡಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ. ಪರಿಹಾರ ಬರೋದು ಆ ದಾರಿಯಲ್ಲೇ. ಬ್ಯಾಂಕಿನವರು ಅದನ್ನು ಹಳೇ ಸಾಲಕ್ಕೆ ಮುರಿದುಕೊಂಡರೆ ಸುಮ್ಮನಿರಬೇಡಿ. ಹಾಗೆ ಮುರಿದುಕೊಳ್ಳಬಾರದು ಅಂತ 2024ರಲ್ಲಿ ಸರ್ಕಾರವೇ ಹೇಳಿತ್ತು.

ವಾರಕ್ಕೆ ಮಾಡುವವರ ಗತಿ ಏನು ಅಂತ ಅಲ್ಲಿ ಹಿಂದೆ ಕೂತ ಅಣ್ಣ ಕೇಳ್ತಿದ್ದಾರೆ. ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ ಹೋಗುತ್ತೆ. ಬೆವರು ಒಬ್ಬರದು, ಹಣ ಇನ್ನೊಬ್ಬರದು. ಇದು ನಮಗೆ ಸರಿ ಕಾಣೋದಿಲ್ಲ. ಬೆಳೆ ವಿಮೆಯ ನಿಯಮದಲ್ಲಿ ಗುತ್ತಿಗೆಯವರಿಗೂ ಜಾಗ ಇದೆ. ಆದರೆ ಕಾಗದ ಬೇಕು. ಬಾಯಿಮಾತಿನ ವಾರಕ್ಕೆ ಕಾಗದ ಬರೆದು ಕೊಡೋರು ಎಷ್ಟು ಜನ?

ಬೆಳೆ ವಿಮೆ 2016ರಿಂದ ಈಗಿನ ರೂಪದಲ್ಲಿದೆ. ಮುಂಗಾರಿನ ರಾಗಿಗೆ ವಿಮೆ ಮೊತ್ತದಲ್ಲಿ ನೂರಕ್ಕೆ ಎರಡು ರೂಪಾಯಿ ನಾವು ಕಟ್ಟಬೇಕು. ಕೊನೆಯ ದಿನಾಂಕದೊಳಗೇ ಕಟ್ಟಬೇಕು. ಕೊಯ್ದು ಒಣಗಲು ಹರಡಿದ ಪೈರು ಅಕಾಲದ ಮಳೆಗೆ ನೆನೆದರೂ ವಿಮೆ ಇದೆ, ಕೊಯ್ದ ಹದಿನಾಲ್ಕು ದಿನದವರೆಗೆ. 2021ರ ನವೆಂಬರ್ ಮಳೆ ನೆನಪಿದೆ ಅಲ್ವಾ? ತೆನೆಯಲ್ಲೇ ಮೊಳಕೆ ಬಂದಿತ್ತು. ಹಾಗಾದರೆ 72 ಗಂಟೆಯೊಳಗೆ, ಅಂದರೆ ಮೂರು ದಿನದೊಳಗೆ ತಿಳಿಸಬೇಕು. ನಾಲ್ಕನೇ ದಿನ ಹೋದರೆ ಕೇಳೋರಿಲ್ಲ.

ಬೆಲೆ ಬಿದ್ದರೆ? ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಟೊಮೆಟೊ ಕೇಳೋರಿಲ್ಲದ ದಿನ ನೋಡಿದ್ದೀರಿ. ಬೆಳೆ ಪರಿಹಾರವಾಗಲಿ ವಿಮೆಯಾಗಲಿ ಅದಕ್ಕೆ ಬರೋದಿಲ್ಲ.

ಆ ಅಕ್ಕನ ಪೌತಿ ಖಾತೆ ಅರ್ಜಿ ಈಗ ಹೋಗಿದೆ. ಮೈದುನಂದಿರು ಮೊದಲು ಮುಖ ತಿರುಗಿಸಿದರು, ಆಮೇಲೆ ಸಹಿ ಹಾಕಿದರು. ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ, ಅವರೂ ಸಹಿ ಹಾಕಿದರು. ಸೋಮವಾರ ನೀವೆಲ್ಲ ನಿಮ್ಮ ನಿಮ್ಮ ಪಹಣಿ ತನ್ನಿ. ಒಂಬತ್ತನೇ ಕಾಲಂನಿಂದ ಓದೋಣ.