ಎರರ್ 500 ಬಂತಾ? ಮೊದಲು ಲಾಗ್ ನೋಡಿ

ಎರರ್ 500 ಕಂಡ ತಕ್ಷಣ ಸರ್ವರ್ ರೀಸ್ಟಾರ್ಟ್ ಮಾಡಿ ಸುಮ್ಮನಾಗ್ಬೇಡಿ. ಸೈಟ್ ಎದ್ದೇಳಬಹುದು, ಆದ್ರೆ ಕಾರಣ ಹಾಗೇ ಇರುತ್ತೆ. ಫೀಸ್ ಕಟ್ಟೋ ಕೊನೇ ದಿನ ಮತ್ತೆ ಬಿದ್ರೆ? ಪರದಾಡೋದು ವಿದ್ಯಾರ್ಥಿಗಳು.

ಟಾಮ್‌ಕ್ಯಾಟನ್ನೇ ತಗೊಳ್ಳಿ. ಅದರ ಫೋಲ್ಡರ್ ಒಳಗೆ 'ಲಾಗ್ಸ್' ಅಂತಿರುತ್ತೆ. ಲಿನಕ್ಸ್‌ನಲ್ಲಿ ಎಲ್ಲರೂ ಮೊದಲು ತೆರೆಯೋದು 'ಕ್ಯಾಟಲಿನಾ ಡಾಟ್ ಔಟ್'. ಅಲ್ಲಿ ಸಿಗದಿದ್ರೆ, ಪಕ್ಕದಲ್ಲೇ ಇರೋ ಆ ದಿನದ ತಾರೀಖಿನ 'ಲೋಕಲ್‌ಹೋಸ್ಟ್' ಫೈಲ್ ನೋಡಿ. ಆ್ಯಪ್‌ನ ಎಕ್ಸೆಪ್ಶನ್ ಎಷ್ಟೋ ಸಲ ಅಲ್ಲಿರುತ್ತೆ.

ಟೈಮ್ ಗಮನಿಸಿ. ಸರ್ವರ್ ಯುಟಿಸಿಯಲ್ಲಿದ್ರೆ ನಮ್ಮ ರಾತ್ರಿ 10 ಗಂಟೆ ಲಾಗ್‌ನಲ್ಲಿ ಸಂಜೆ 4:30. ನೂರಾರು ಸಾಲು ಕಂಡು ಗಾಬರಿಯಾಗ್ಬೇಡಿ. 'ರೂಟ್ ಕಾಸ್' ಅಥವಾ ಕೊನೆಯ 'ಕಾಸ್ಡ್ ಬೈ' ಹುಡುಕಿ. ಡೇಟಾಬೇಸ್ ಕನೆಕ್ಷನ್ ಸಿಕ್ಕಿಲ್ವಾ, ಮೆಮೊರಿ ಮುಗೀತಾ, ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತೆ. ಆ ಸಾಲು ಕಾಪಿ ಮಾಡಿಟ್ಕೊಂಡು ಆಮೇಲೆ ರೀಸ್ಟಾರ್ಟ್ ಮಾಡಿ.