ರಾಸು ಸಾಗಿಸುವ ವಾಹನ: ಚಾಲಕರ ಪ್ರಶ್ನೆಗಳಿಗೆ ಉತ್ತರ



ಸಂತೆಯಿಂದ ಹಸು ತರುವಾಗ ದಾರಿಯಲ್ಲಿ ತಡೆದು ಕಾಗದ ಕೇಳಿದರೆ ಏನು ತೋರಿಸಬೇಕೆಂದು ವಾಹನ ಚಾಲಕರು ಪದೇ ಪದೇ ಕೇಳುತ್ತಾರೆ. ಲೈಸೆನ್ಸ್, ಆರ್.ಸಿ., ವಿಮೆ ಇದ್ದರಷ್ಟೇ ಸಾಲದು. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ, ರಾಸು ಪ್ರಯಾಣಕ್ಕೆ ಯೋಗ್ಯವಾಗಿದೆ ಎಂಬ ಪಶುವೈದ್ಯರ ಪ್ರಮಾಣಪತ್ರ ಬೇಕು. ಕೊಂಡ ರಸೀದಿಯೂ ಜೊತೆಗಿರಲಿ.

ಎಷ್ಟು ರಾಸು ಹೇರಬಹುದು? ದೊಡ್ಡ ಲಾರಿಯಾದರೂ ಅದೇ ನಿಯಮದಂತೆ ಆರಕ್ಕಿಂತ ಹೆಚ್ಚು ದನ ಹೇರುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2015ರಲ್ಲಿ ಸೇರಿಸಿದ 125-ಇ ನಿಯಮದಂತೆ ಹಸು, ಎಮ್ಮೆಗೆ ತಲಾ 2 ಚದರ ಮೀಟರ್ ಜಾಗ ಬೇಕು. ನಡುವೆ ಭದ್ರವಾದ ಅಡ್ಡಗಟ್ಟು ಇರಬೇಕು. 7 ಅಡಿ ಉದ್ದ, 5 ಅಡಿ ಅಗಲದ ಟೆಂಪೋದಲ್ಲಿ ಇರುವುದು ಸುಮಾರು ಮೂರೂಕಾಲು ಚದರ ಮೀಟರ್. ಅಂದರೆ ಒಂದೇ ಹಸು. ಎರಡು ಹಸು ಹೇರುವಂತಿಲ್ಲ.

"ಬಾಡಿಗೆ ಉಳಿಯುತ್ತದಲ್ಲಾ ಸಾರ್" ಎನ್ನುತ್ತೀರಿ. ಇಕ್ಕಟ್ಟಿನಲ್ಲಿ ಜಾರಿ ಬಿದ್ದ ಹಸು ಕೆಚ್ಚಲು ತುಳಿಸಿಕೊಂಡರೆ, ಕಾಲು ಮುರಿದುಕೊಂಡರೆ, ಗಬ್ಬದ ಹಸು ಕಂದು ಹಾಕಿದರೆ, ಉಳಿಸಿದ ಬಾಡಿಗೆ ಯಾವ ಲೆಕ್ಕ?

ಕಾಲು ಜಾರದಂತೆ ನೆಲಕ್ಕೆ ತೆಂಗಿನ ನಾರಿನ ಚಾಪೆ ಅಥವಾ ಹಲಗೆ ಹಾಸಿರಿ. ಹಸುವಿನ ಮುಖ ಇಂಜಿನ್ ಕಡೆಗಿರಲಿ. ನೋಡಿಕೊಳ್ಳಲು ಒಬ್ಬ ಆಳು ಜೊತೆಗಿರಲೇಬೇಕು. ಹಿಂಡಿ ಮೂಟೆ, ಬೇರೆ ಸರಕು ಅದೇ ಗಾಡಿಗೆ ಹೇರಬೇಡಿ.

ಗಾಡಿ ಗೊತ್ತು ಮಾಡುವ ಮುನ್ನವೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಬೇರೆ ಯಾವ ಕಾಗದ ಬೇಕೆಂದೂ ಕೇಳಿಕೊಳ್ಳಿ. ಸಾಲ ಮಾಡಿ ಕೊಂಡ ಹಸು ಸುಖವಾಗಿ ಕೊಟ್ಟಿಗೆ ಸೇರಲಿ.