ನಲ್ಲಿಯ ನೀರು ಗಡಸಾದರೆ ನಷ್ಟ ಯಾರಿಗೆ?

(ಮಂಗಳೂರಿನ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಇಂದು ನಾನು ಆರಿಸಿಕೊಂಡಿರುವ ವಿಷಯ ಸಾಬೂನಿನ ನೊರೆ. ಇದೇನು, ಸಭೆ ಸೇರಿಸಿ ಆಡುವ ಮಾತೇ ಎಂದು ಕೆಲವರು ನಗಬಹುದು. ಆದರೆ ಬಟ್ಟೆಯ ಕಲ್ಲಿನ ಮುಂದೆ ದಿನವೂ ಬಗ್ಗಿ ನಿಲ್ಲುವ ಸೋದರಿಯರು ನಗಲಾರರು. ಏಪ್ರಿಲ್ ಕಳೆದು ಮೇ ಬಂದಿತೆಂದರೆ ನಮ್ಮ ಕೆಲವು ವಠಾರಗಳಲ್ಲಿ ಎಷ್ಟು ತಿಕ್ಕಿದರೂ ನೊರೆ ಏಳುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ತಲೆ ಮಿಂದರೆ ಕೂದಲು ಜಿಗುಟಾಗುತ್ತದೆ. ನೀರು ಗಡಸಾಗಿದೆ ಎಂಬುದರ ಲಕ್ಷಣವಿದು.

ಗಡಸು ನೀರೆಂದರೇನು? ನೀರಿನಲ್ಲಿ ಸುಣ್ಣದ ಮತ್ತು ಮೆಗ್ನೀಷಿಯಂನ ಲವಣಗಳು ಕರಗಿ ಸೇರಿರುವುದು, ಅಷ್ಟೆ. ಸಾಬೂನು ಮೊದಲು ಈ ಲವಣಗಳೊಡನೆ ಕೂಡಿ ಬಿಳಿಯ ಗಸಿಯಾಗಿ ಹೋಗುತ್ತದೆ. ಅವು ತೀರಿದ ಮೇಲೆ ನೊರೆ. ಲೀಟರಿಗೆ 300 ಮಿಲಿಗ್ರಾಂ ಗಡಸುಳ್ಳ ನೀರನ್ನು ತೆಗೆದುಕೊಳ್ಳಿ. 10 ಲೀಟರಿನ ಒಂದು ಬಾಲ್ದಿ ನೀರೆಲ್ಲ ನೊರೆಯೇಳಬೇಕಾದರೆ ಸುಮಾರು 18 ಗ್ರಾಂ ಸಾಬೂನು ಕೊಳೆಯನ್ನು ಮುಟ್ಟುವ ಮೊದಲೇ ವ್ಯರ್ಥವಾಗುತ್ತದೆ. ದಿನಕ್ಕೆ ಮೂರು ಬಾಲ್ದಿಯಾದರೆ ತಿಂಗಳಿಗೆ ಒಂದೂವರೆ ಕಿಲೊ ಮೀರಿತು! ಡಿಟರ್ಜೆಂಟ್ ಪುಡಿಗೆ ಈ ಬಾಧೆ ಕಡಿಮೆಯಾದರೂ ಅದಕ್ಕೂ ಹೆಚ್ಚು ಪುಡಿ ಬೇಕು. ಬೇಳೆಯ ಸಿಪ್ಪೆಯಲ್ಲಿಯೂ ಕಾಳಿನಲ್ಲಿಯೂ ಇರುವ ಅಂಟಿನೊಡನೆ ಸುಣ್ಣ ಕೂಡಿಕೊಂಡು ಅದನ್ನು ಗಟ್ಟಿ ಮಾಡುತ್ತದೆ. ಗ್ಯಾಸು ಹೆಚ್ಚು ಉರಿಯುತ್ತದೆ. ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಹೊಪ್ಪಳೆ ಕಟ್ಟಿದರೆ ಕಾವು ನೀರಿಗೆ ನಿಧಾನವಾಗಿ ಮುಟ್ಟುತ್ತದೆ. ಹೀಗೆ ಗಡಸು ನೀರು ಸಂಸಾರದ ಮೇಲೆ ಬೀಳುವ ಒಂದು ತೆರಿಗೆ. ಇದಕ್ಕೆ ರಶೀದಿ ಯಾರೂ ಕೊಡುವುದಿಲ್ಲ.

ಆದರೆ ಒಂದು ಮಾತು ನಿಜ. ಸ್ವಭಾವತಃ ಮಂಗಳೂರಿನ ನೀರು ಗಡಸಲ್ಲ. ಕೋಲಾರ, ಚಿತ್ರದುರ್ಗದ ಕಡೆಯ ಕೊಳವೆಬಾವಿಯ ನೀರಿಗೆ ಒಗ್ಗಿದ ನೆಂಟರು ಮಳೆಗಾಲದಲ್ಲಿ ಇಲ್ಲಿಗೆ ಬಂದರೆ, ಮೈಗೆ ಹಚ್ಚಿದ ಸಾಬೂನು ಹೋಗುವುದೇ ಇಲ್ಲವಲ್ಲ ಎಂದು ಬೆರಗಾಗುತ್ತಾರೆ. ನಮ್ಮದು ಮುರಕಲ್ಲಿನ ಸೀಮೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಈ ಮಣ್ಣಿನ ಸುಣ್ಣವನ್ನೆಲ್ಲ ಯುಗಯುಗಗಳಿಂದ ತೊಳೆದುಬಿಟ್ಟಿದೆ. ವೀಳ್ಯಕ್ಕೂ ಗೋಡೆಗೂ ನಮ್ಮ ಹಿರಿಯರು ನದಿಯ ಮರುವಾಯಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡಿದರಲ್ಲ, ಅದು ಏತಕ್ಕೆ? ನೆಲದಲ್ಲಿ ಸುಣ್ಣವಿಲ್ಲದ್ದಕ್ಕೆ. ಘಟ್ಟದಿಂದ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬರುವ ನೇತ್ರಾವತಿಯ ನೀರನ್ನು ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಕಟ್ಟಿ ನಿಲ್ಲಿಸಿ, ಶುದ್ಧಿ ಮಾಡಿ ನಮ್ಮ ನಲ್ಲಿಗಳಿಗೆ ಬಿಡುತ್ತಾರೆ. ಅದು ಮೆದು ನೀರು. ಬಿಳಿ ಬಟ್ಟೆ ಕೆಂಪಗಾದರೆ ಕೆಲವರು ಗಡಸು ಎನ್ನುತ್ತಾರೆ. ಅದು ಕಬ್ಬಿಣದ ಕರೆ, ಗಡಸಲ್ಲ. ಮುರಕಲ್ಲಿನ ಬಾವಿನೀರು ತುಸು ಹುಳಿಯಾಗಿದ್ದು ಕಬ್ಬಿಣದ ಕೊಳವೆಯನ್ನು ತಿನ್ನುವುದೂ ಉಂಟು.

ಹಾಗಾದರೆ ಗಡಸು ಎಲ್ಲಿಂದ ಬಂತು? ಸಮುದ್ರದಿಂದ ಬಂತು. ಬೇಸಗೆಯಲ್ಲಿ ನದಿ ಸೊರಗಿದಾಗ ಉಬ್ಬರದ ನೀರು ಅಳಿವೆಯಿಂದ ಮೇಲಕ್ಕೇರುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಫಲ್ಗುಣಿ, ನಡುವೆ ಮರಳು—ಇಂತಹ ಬೆಂಗ್ರೆಯಲ್ಲಿ ನೆಲದೊಳಗೆ ಉಪ್ಪುನೀರಿನ ಮೇಲೆ ಸಿಹಿನೀರು ತೇಲುತ್ತಿರುತ್ತದೆ. ಮೇಲಿನ ಸಿಹಿನೀರು ಒಂದು ಅಡಿ ಇಳಿದರೆ ಕೆಳಗಿನ ಉಪ್ಪುನೀರು ಸುಮಾರು 40 ಅಡಿ ಮೇಲೇರುತ್ತದೆಂಬುದು ಭೂಜಲ ಶಾಸ್ತ್ರದ ಹಳೆಯ ಲೆಕ್ಕ. ಸುರತ್ಕಲ್ಲಿನ ಎನ್‌ಐಟಿಕೆಯ ವಿದ್ವಾಂಸರು ಕರಾವಳಿಯ ಬಾವಿಗಳಿಗೆ ಉಪ್ಪು ನುಗ್ಗುವ ಈ ಪರಿಯನ್ನು ಅಧ್ಯಯನ ಮಾಡಿದ್ದಾರೆ. ಇಪ್ಪತ್ತು ಕೊಡ ನೀರಿನಲ್ಲಿ ಒಂದು ಕೊಡ ಕಡಲ ನೀರು ಸೇರಿದರೆ ಸಾಕು, ಗಡಸು ಲೀಟರಿಗೆ 300 ಮಿಲಿಗ್ರಾಂ ದಾಟುತ್ತದೆ. ಕುಡಿಯುವ ನೀರಿಗೆ 2012ರಲ್ಲಿ ಗೊತ್ತುಮಾಡಿದ ಭಾರತೀಯ ಮಾನಕದಲ್ಲಿ ಒಪ್ಪುವ ಮಿತಿ 200. ಬೇರೆ ನೀರೇ ಇಲ್ಲದಿದ್ದರೆ ಮಾತ್ರ 600ರ ವರೆಗೆ.

2016ರಲ್ಲಿ, 2019ರಲ್ಲಿ, 2023ರಲ್ಲಿ ತುಂಬೆಯ ಮಟ್ಟ ಕುಸಿದು ಪಟ್ಟಣಕ್ಕೆ ನೀರನ್ನು ಸರದಿಯ ಮೇಲೆ ಬಿಟ್ಟುದನ್ನು ನೀವು ಮರೆತಿಲ್ಲ. ನಲ್ಲಿ ನಿಂತ ದಿನ ಮನೆಯವರು ಏನು ಮಾಡಬೇಕು? ಅಳಿವೆಯ ಬದಿಯ ಬಾವಿಗೆ ಕೊಡ ಇಳಿಸಬೇಕು, ಇಲ್ಲವೆ ಎಲ್ಲಿಂದ ತುಂಬಿತೆಂದು ತಿಳಿಯದ ಟ್ಯಾಂಕರಿಗೆ ಹಣ ತೆರಬೇಕು. ಅನುಕೂಲಸ್ಥರ ಫ್ಲಾಟಿನಲ್ಲಿ ದೊಡ್ಡ ತೊಟ್ಟಿಯಿದೆ, ಗಡಸು ತೆಗೆಯುವ ಯಂತ್ರವಿದೆ. ಆರ್‌ಓ ಯಂತ್ರ ಒಂದು ಕೊಡ ಒಳ್ಳೆಯ ನೀರು ಕೊಡಲು ಅನೇಕ ವೇಳೆ ಎರಡು ಮೂರು ಕೊಡ ನೀರನ್ನು ಮೋರಿಗೆ ಬಿಡುತ್ತದೆ. ಅದೂ ಬರಗಾಲದ ದಿನಗಳಲ್ಲಿ! ದಕ್ಕೆಯಲ್ಲಿ ಮೀನು ಹೊರುವವಳು, ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳು ಯಂತ್ರ ಎಲ್ಲಿಂದ ತಂದಾಳು? ಅವಳ ಯಂತ್ರ ಅವಳ ರಟ್ಟೆ. ಪೇಟೆಯ ಎಲ್ಲರಿಗೂ ಬಂದ ಬರದ ಖರ್ಚನ್ನು ಅವಳು ಸಾಬೂನಿನಲ್ಲಿ, ಗ್ಯಾಸಿನಲ್ಲಿ, ನಿದ್ರೆಯಲ್ಲಿ ತೆರುತ್ತಾಳೆ.

ಇಲ್ಲದ ಭಯವನ್ನು ಹುಟ್ಟಿಸಲು ನಾನು ಬಂದಿಲ್ಲ. ಗಡಸು ನೀರು ಕುಡಿದರೆ ಮೂತ್ರಕೋಶದಲ್ಲಿ ಕಲ್ಲು ಖಂಡಿತ ಎಂದು ಹೇಳಿ ಯಂತ್ರ ಮಾರುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಗಡಸಿಗೆ ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ಇಟ್ಟಿಲ್ಲ. ಆದರೆ ಉಪ್ಪಾದ ನೀರು ರಕ್ತದೊತ್ತಡದವರಿಗೆ ಒಳ್ಳೆಯದಲ್ಲ. ಟ್ಯಾಂಕರಿನ ನೀರಿನಲ್ಲಿ ರೋಗಾಣುವಿದ್ದರೆ ಗಡಸಿಗಿಂತ ಅದೇ ದೊಡ್ಡ ಅಪಾಯ. ಕುಡಿಯುವ ನೀರನ್ನು ಕುದಿಸಲೇಬೇಕು. ಕುದಿಸಿದರೆ ರೋಗಾಣು ಸಾಯುತ್ತದೆ, ಕಡಲಿನಿಂದ ಬಂದ ಗಡಸು ಮಾತ್ರ ಹೋಗುವುದಿಲ್ಲ. ಒಗೆಯುವ ನೀರಿಗೆ ತುಸು ಬಟ್ಟೆಸೋಡಾ ಹಾಕಿ ಕದಡಿ, ತಿಳಿಯಾದ ಮೇಲೆ ಬಳಸಿದರೆ ಸಾಬೂನು ಉಳಿಯುತ್ತದೆ. ಪರೀಕ್ಷೆಯೂ ಸುಲಭ. ಎರಡು ಸೀಸೆಗಳಲ್ಲಿ ಅರ್ಧರ್ಧ ನೀರು ತುಂಬಿ, ಒಂದರಲ್ಲಿ ತುಂಬೆಯ ನೀರು, ಇನ್ನೊಂದರಲ್ಲಿ ಬಾವಿಯದು ಅಥವಾ ಟ್ಯಾಂಕರಿನದು. ಎರಡಕ್ಕೂ ಸಮನಾಗಿ ಸಾಬೂನಿನ ಹೆರೆತ ಹಾಕಿ ಕುಲುಕಿರಿ. ಪುಡಿ ಹಾಕಬಾರದು, ಸಾಬೂನೇ ಆಗಬೇಕು. ನೊರೆ ಯಾವುದರಲ್ಲಿ ನಿಲ್ಲುತ್ತದೆ, ಗಸಿ ಯಾವುದರಲ್ಲಿ ಕೂಡುತ್ತದೆ ನೋಡಿರಿ.

ಆದರೆ ಸೀಸೆ ಕುಲುಕಿ ಸುಮ್ಮನಾಗುವುದು ಸಾಲದು. ಮಹಾನಗರ ಪಾಲಿಕೆಯ ಮುಂದೆ ನಾವು ನಾಲ್ಕು ಬೇಡಿಕೆಗಳನ್ನು ಇಡಬೇಕು. ಒಂದು, ನಲ್ಲಿಯ ನೀರಿನ ಮತ್ತು ಸಾರ್ವಜನಿಕ ಬಾವಿಗಳ ಗಡಸು, ಉಪ್ಪು, ರೋಗಾಣುಗಳ ಪರೀಕ್ಷೆ ಬೇಸಗೆಯಲ್ಲಿ ಪ್ರತಿ ವಾರ ನಡೆದು, ಫಲಿತಾಂಶ ವಾರ್ಡುವಾರ್ಡಿನಲ್ಲಿ ಕನ್ನಡದಲ್ಲಿ ಗೋಡೆಗೆ ಅಂಟಬೇಕು. ಎರಡು, ಟ್ಯಾಂಕರು ಎಲ್ಲಿ ತುಂಬಿತೆಂಬುದು ಅದರ ಮೈಮೇಲೆ ಬರೆದಿರಬೇಕು. ಮೂರು, ನೀರು ಕಡಿಮೆಯಾದಾಗ ಮೊದಲ ಸರದಿ ತೊಟ್ಟಿಯಿಲ್ಲದ ಮನೆಗಳಿಗೂ ಉಪ್ಪುಬಾವಿಯ ವಠಾರಗಳಿಗೂ ಸಿಗಬೇಕು. ನಾಲ್ಕು, ಕಡಲಬದಿಯ ವ್ಯಾಪಾರದ ಕೊಳವೆಬಾವಿಗಳಿಗೆ ಕಡಿವಾಣ ಹಾಕಿ, ಮಳೆನೀರನ್ನು ನೆಲಕ್ಕೆ ಇಳಿಸಿ ಸಿಹಿನೀರಿನ ಮಟ್ಟವನ್ನು ಕಾಯಬೇಕು.

ಸೋದರಿಯರೆ, ನಮ್ಮೂರಿನಲ್ಲಿ ತಣ್ಣೀರುಬಾವಿ ಎಂಬ ಹೆಸರಿನ ಜಾಗವಿದೆ. ಕಡಲಿನ ದಡದಲ್ಲಿಯೂ ತಣ್ಣೀರಿಗೆ ಎಷ್ಟು ಬೆಲೆಯಿತ್ತೆಂಬುದನ್ನು ಆ ಹೆಸರೇ ಹೇಳುತ್ತದೆ. ಘಟ್ಟದ ಮಳೆ ನಮಗೆಲ್ಲ ಮೆದು ನೀರನ್ನೇ ಕೊಟ್ಟಿದೆ. ಮೇ ತಿಂಗಳಿನಲ್ಲಿಯೂ ಅದು ಎಲ್ಲರ ಕೊಡಕ್ಕೆ ಸಮನಾಗಿ ಬೀಳುವಂತೆ ಮಾಡುವುದು ನಮ್ಮ ಕೆಲಸ. ಮುಂದಿನ ಬೇಸಗೆಯ ವರೆಗೆ ಕಾಯುವುದು ಬೇಡ. ಈ ವಾರವೇ ನಿಮ್ಮ ವಠಾರದ ಸೀಸೆಗಳನ್ನು ಹಿಡಿದುಕೊಂಡು ವಾರ್ಡಿನ ಸದಸ್ಯರ ಮನೆಗೆ ಹೋಗೋಣ.